ಸೋಸುಮನೆಯ ಹತ್ತು ಮಂಗಳವಾರ

"ನಿನ್ನ ರಕ್ತಕ್ಕೆ ಬೆಂಕಿ ಬೀಳಲಿ, ನಾನ್ಯಾಕೆ ಬರಬೇಕು?" ಎಂದು ಓಬಳಮ್ಮ ಗೋಡೆಯಾಚೆಯಿಂದ ಕೂಗಿದಳು.

"ಬೆಂಕಿ ಬಿದ್ದು ಮೂರು ತಿಂಗಳಾಯ್ತು, ಅದಕ್ಕೇ ಕರೀತಿರೋದು," ಎಂದೆ ನಾನು. "ನಿನ್ನ ಮುಖ ನೋಡೋ ಆಸೆಯಾಗಿ ಕರೀತಿದೀನಿ ಅಂದ್ಕೊಂಡ್ಯಾ?"

"ನನ್ನ ಮುಖ ನೋಡೋಕೂ ಯೋಗ್ಯತೆ ಬೇಕು ಕಣೇ. ಹನ್ನೊಂದು ವರ್ಷ ತಿರುಗಿ ನೋಡದೋಳಿಗೆ ಈಗ ಹೊಟ್ಟೆ ಕಿತ್ಕೊಂಡಾಗ ಓಬಳಮ್ಮ ಬೇಕಾದ್ಲಾ?"

"ಬೇಕಾದೋಳಾಗಿದ್ರೆ ಕರೀತಾನೇ ಇರಲಿಲ್ಲ. ಬೇಡದೋಳು ಅಂತಲೇ ಕರೀತಿರೋದು."

ನಮ್ಮೂರಿನಲ್ಲಿ ಹಾಗೆ ಕರೆದ ಮೇಲೆ ಬರುವುದಿಲ್ಲ ಎನ್ನುವ ಹಾಗಿಲ್ಲ. ಹೆಣಕ್ಕೆ ಹೆಗಲು ಕೊಡದವನನ್ನಾದರೂ ಜನ ಕ್ಷಮಿಸುತ್ತಾರೆ, ಸೋಸುಮನೆಯ ಚಕ್ರಕ್ಕೆ ಕೈ ಕೊಡದವನನ್ನು ಬಾವಿಗೆ ಕೊಡ ಇಳಿಸಲೂ ಬಿಡುವುದಿಲ್ಲ. ಗೋಡೆಯಾಚೆ ಮೊರ ನೆಲಕ್ಕೆ ಕುಕ್ಕಿದ ಸದ್ದಾಯಿತು. ಆಮೇಲೆ, "ಮಂಗಳವಾರ ಎಷ್ಟೊತ್ತಿಗೆ?" ಎಂದಳು. "ಹತ್ತು ಗಂಟೆಗೆ," ಎಂದೆ. "ಒಂಬತ್ತೂವರೆಗೆ ಬರ್ತೀನಿ. ನಿನ್ನ ಜೊತೆ ಒಟ್ಟಿಗೆ ದಾರಿ ನಡೆಯೋ ಕರ್ಮ ನಂಗೆ ಬೇಡ," ಎಂದಳು.

ನನ್ನ ಹೆಸರು ದ್ಯಾಮಕ್ಕ. ಕೆಳಪೇಟೆಯಲ್ಲಿ ಖಾರದ ಗಿರಣಿ ನನ್ನದೇ. ಒಣಮೆಣಸಿನಕಾಯಿ, ಧನಿಯಾ, ಅರಿಶಿನ ಬೀಸಿಕೊಡುತ್ತೇನೆ. ಓದಿದ್ದು ಏಳನೇ ಕ್ಲಾಸು, ಬೈಯುವುದನ್ನು ಯಾರಿಂದಲೂ ಕಲಿಯಬೇಕಾಗಿ ಬರಲಿಲ್ಲ. ನಲವತ್ತೊಂಬತ್ತನೇ ವಯಸ್ಸಿಗೆ ನನ್ನ ಕರುಳಿಗೆ ಉರಿಯೂತ ಬಂತು. ದಿನಕ್ಕೆ ಹತ್ತು ಹನ್ನೆರಡು ಸಲ ಚೊಂಬು ಹಿಡಿದು ಓಡುವುದು, ಓಡಿದಾಗೆಲ್ಲ ರಕ್ತ. ಗಿರಣಿಗೆ ಬಂದವರು ಡಬ್ಬಿ ಇಟ್ಟುಕೊಂಡು ಕಾಯುವುದು, ನಾನು ಹಿತ್ತಲಿನಿಂದಲೇ "ಬಂದೆ ಇರ್ರೋ" ಎಂದು ಕೂಗುವುದು. ಮಾತ್ರೆ ನುಂಗಿದೆ, ಪಥ್ಯ ಮಾಡಿದೆ, ಖಾರ ಬೀಸುವವಳು ಮೊಸರನ್ನ ತಿಂದು ಬದುಕಿದೆ. ಏನೂ ಆಗಲಿಲ್ಲ. ಡಾಕ್ಟರಮ್ಮ ಕೊನೆಗೆ, "ಸೋಸುಮನೆಗೆ ಹೋಗಿ. ಹತ್ತು ಸಲ ರಕ್ತ ಸೋಸಿದರೆ ತಗ್ಗಬಹುದು. ತಗ್ಗದಿದ್ದರೆ ಕರುಳು ಕತ್ತರಿಸಿ ತೆಗೆಯೋದೇ ದಾರಿ," ಎಂದಳು. ಸೀರೆ ಕತ್ತರಿಸುತ್ತೇವೆ ಅನ್ನುವಷ್ಟು ಸಲೀಸಾಗಿ ಅಂದಳು.

ಸೋಸುಮನೆ ಎಂದರೆ ಕೆರೆಯ ಏರಿಯ ಮೇಲಿನ ಉದ್ದನೆಯ ಬಿಳಿ ಕೋಣೆ. ಒಂದು ಮಂಚ, ಮಂಚದ ಪಕ್ಕದಲ್ಲಿ ಆಳೆತ್ತರದ ಚೌಕಟ್ಟು, ಅದರಲ್ಲಿ ಗಾಜಿನ ಒಂದು ಕಂಬ. ಕಂಬದೊಳಗೆ ಸಬ್ಬಕ್ಕಿಗಿಂತ ಸಣ್ಣ ಬಿಳಿ ಮಣಿಗಳು ಕಿಕ್ಕಿರಿದಿವೆ. ಒಂದು ತೋಳಿಗೆ ಸೂಜಿ ಚುಚ್ಚಿ ರಕ್ತ ತೆಗೆಯುತ್ತಾರೆ. ಅದು ನಳಿಕೆಯಲ್ಲಿ ಬಂದು ಮಣಿಗಳ ನಡುವೆ ಹಾದು ಇನ್ನೊಂದು ತೋಳಿಗೆ ವಾಪಸು ಹೋಗುತ್ತದೆ. ಒಂದು ಗಂಟೆ ಹೊತ್ತು. ರಕ್ತವನ್ನು ಹಾಗೆ ಸುತ್ತಿಸುವುದಕ್ಕೆ ಒಂದು ಕಬ್ಬಿಣದ ಚಕ್ರ, ಅದಕ್ಕೊಂದು ಮರದ ಹಿಡಿ. ಆ ಚಕ್ರ ರೋಗಿಗೂ ಹಿಡಿ ಹಿಡಿದವರಿಗೂ ನಡುವೆ ನಿಜವಾದ ಮುನಿಸಿದ್ದರೆ ಮಾತ್ರ ತಿರುಗುತ್ತದೆ. ಬೇರೆ ಯಾರು ಹಿಡಿದರೂ ಬಂಡೆ. ಹಿಂದೊಮ್ಮೆ ಮೋಟಾರು ಕೂರಿಸಿ ನೋಡಿದ್ದರಂತೆ, ಮೋಟಾರು ಸುಟ್ಟು ಹೊಗೆ ಬಂತಂತೆ, ಚಕ್ರ ಅಲುಗಲಿಲ್ಲವಂತೆ.

ನಾವು ಇದಕ್ಕೆ ಹೊಂದಿಕೊಂಡೇ ಬದುಕುತ್ತೇವೆ. ಹೆಣ್ಣು ಕೇಳಲು ಬಂದವರು ಮನೆತನ, ಜಾತಕ ಎಲ್ಲ ವಿಚಾರಿಸಿ ಕೊನೆಗೆ ದನಿ ತಗ್ಗಿಸಿ, "ಹಳೇ ಮುನಿಸು ಏನಾದರೂ ಇದೆಯೇ?" ಎಂದು ಕೇಳುತ್ತಾರೆ. ಇದೆ ಎಂದರೆ ಸಮಾಧಾನ. ಅಣ್ಣತಮ್ಮಂದಿರು ಆಸ್ತಿ ಸರಿಯಾಗಿ ಹಂಚಿಕೊಂಡರೂ ಒಂದು ನುಗ್ಗೆಮರವನ್ನು ಬೇಕೆಂತಲೇ ಇತ್ಯರ್ಥ ಮಾಡದೆ ಬಿಡುತ್ತಾರೆ. ಕಷ್ಟವೇನಿದ್ದರೂ ಒಳ್ಳೆಯವರಿಗೆ. ನಮ್ಮ ಶಾಲೆಯ ಸದಾನಂದ ಮೇಷ್ಟ್ರಿಗೆ ಕೀಲು ಊದಿಕೊಂಡಾಗ ಊರೆಲ್ಲ ಹುಡುಕಿದರೂ ಒಬ್ಬ ವೈರಿ ಸಿಗಲಿಲ್ಲ. ಪಕ್ಕದ ಮನೆಯವನ ಕುಂಬಳದ ಬಳ್ಳಿ ಕಿತ್ತು ಹಾಕಿದರು, ಅವನು ಪಾಪ ಮೇಷ್ಟ್ರಿಗೆ ಮನಸ್ಸು ಸರಿಯಿಲ್ಲ ಎಂದು ಎರಡು ಕುಂಬಳಕಾಯಿ ತಂದುಕೊಟ್ಟ. ಕೊನೆಗೆ ಅವರ ಹೆಂಡತಿ, "ಈ ಮನುಷ್ಯನ ಒಳ್ಳೇತನ ನೋಡಿ ನೋಡಿ ಸಾಕಾಗಿದೆ, ಸರೀರಿ ಆಚೆಗೆ," ಎಂದು ಬಂದು ಹಿಡಿಗೆ ಕೈ ಹಾಕಿದಳು. ಚಕ್ರ ಗರಗರನೆ ತಿರುಗಿತು. ಮೇಷ್ಟ್ರು ಗುಣವಾದರು. ಆದರೆ ಹೆಂಡತಿ ಕಾಫಿ ತಂದುಕೊಟ್ಟಾಗ ಇಂದಿಗೂ ಒಂದು ಗಳಿಗೆ ಯೋಚಿಸಿ ಕುಡಿಯುತ್ತಾರೆ.

ನಾನು ಮೊದಲು ನನ್ನ ಗಂಡ ರುದ್ರಣ್ಣನನ್ನೇ ಕರೆದುಕೊಂಡು ಹೋಗಿದ್ದೆ. ಇಪ್ಪತ್ತಾರು ವರ್ಷದಿಂದ ಬೆಳಿಗ್ಗೆ ಎದ್ದು ಅವನನ್ನು ಬೈದೇ ನಾನು ಒಲೆ ಹಚ್ಚುವುದು. ಇವನಿಗಿಂತ ಮುನಿಸಿರುವವರು ಇನ್ನಾರಿದ್ದಾರು ಎಂದುಕೊಂಡೆ. ಅವನು ತೋಳು ಮಡಿಸಿ, ಕಾಲು ಅಗಲಿಸಿ ನಿಂತು ಎಳೆದ. ಚಕ್ರ ಒಂದು ಕೂದಲೆಳೆಯಷ್ಟೂ ಸರಿಯಲಿಲ್ಲ. "ಇಷ್ಟು ವರ್ಷ ನಾನು ಬೈದಿದ್ದೆಲ್ಲ ಎಲ್ಲಿಗೆ ಹೋಯ್ತು?" ಎಂದು ಕೇಳಿದೆ. "ನೀನು ಬೈತಿದ್ಯಾ? ನಾನು ಮಾತಾಡ್ತಿದೀಯ ಅಂದ್ಕೊಂಡಿದ್ದೆ," ಎಂದ. ಅವನನ್ನು ಅಲ್ಲೇ ಇನ್ನೊಮ್ಮೆ ಬೈದು ಮನೆಗೆ ಬಂದೆ. ಆಮೇಲೆಯೇ ಗೋಡೆ ಹತ್ತಿರ ಹೋಗಿ ಓಬಳಮ್ಮನನ್ನು ಕರೆದದ್ದು.

ಓಬಳಮ್ಮ ನನಗಿಂತ ಆರು ವರ್ಷ ದೊಡ್ಡವಳು. ಗಂಡ ತೀರಿಕೊಂಡ ಮೇಲೆ ಸಂಡಿಗೆ, ಹಪ್ಪಳ ಮಾಡಿ ಮಾರುತ್ತಾಳೆ. ಅವಳ ಮಾಳಿಗೆಗೂ ನನ್ನ ಗಿರಣಿಯ ಕಿಟಕಿಗೂ ನಡುವೆ ಒಂದು ಗೋಡೆ. ಹನ್ನೊಂದು ವರ್ಷದ ಹಿಂದೆ ಯಾರದೋ ಮದುವೆಗೆಂದು ಅವಳು ಮಾಡಿದ್ದ ನಾಲ್ಕು ಡಬ್ಬಿ ಸಂಡಿಗೆಯಲ್ಲಿ ನನ್ನ ಗಿರಣಿಯ ಖಾರ ಹಾರಿ ಬಿದ್ದಿತ್ತು. ಮದುವೆ ಮನೆಯವರನ್ನು ಕರೆತಂದು ಬೀದಿಯಲ್ಲಿ ಡಬ್ಬಿ ತೆರೆದು ತೋರಿಸಿದಳು. ಸಂಡಿಗೆಯ ಮೇಲೆ ಕೆಂಪು ಪುಡಿ ಕಣ್ಣಿಗೆ ಕಾಣುತ್ತಿತ್ತು. ನನ್ನದೇ ತಪ್ಪು ಎಂದುಕೊಂಡೆ. ಅಂದಿನಿಂದ ಕಿಟಕಿಗೆ ಹಲಗೆ ಹೊಡೆದು, ಸಂದಿಗೆ ಗೋಣಿ ತುರುಕಿ, ಒಳಗೇ ಕೆಮ್ಮುತ್ತ ಸೀನುತ್ತ ಬೀಸಿದೆ. ಬೀದಿಯಲ್ಲಿ ಮಾನ ಕಳೆದಳೆಂದು ಮಾತು ಮಾತ್ರ ಬಿಟ್ಟೆ. "ಅಕ್ಕ" ಎನ್ನುತ್ತಿದ್ದವಳು ಹೆಸರು ಹಿಡಿದು ಕರೆಯಲು ಶುರುಮಾಡಿದೆ. ನಮ್ಮಲ್ಲಿ ಮುನಿಸಿನ ಗುರುತೇ ಅದು, ವರಸೆ ಬಿಟ್ಟು ಹೆಸರು ಹಿಡಿಯುವುದು.

ಮೊದಲ ಮಂಗಳವಾರ ಅವಳು ಹಿಡಿ ಮುಟ್ಟಿದ್ದೇ ತಡ, ಚಕ್ರ ಎಣ್ಣೆ ಹಾಕಿದ ಹಾಗೆ ತಿರುಗಿತು. ಸೋಸುಮನೆ ನೋಡಿಕೊಳ್ಳುವ ಹಾಲಪ್ಪನಿಗೇ ಆಶ್ಚರ್ಯ. "ಒಳ್ಳೆ ಗಟ್ಟಿ ಮುನಿಸು ಕಣ್ರವ್ವ. ಕಾಪಾಡ್ಕೊಳ್ಳಿ," ಎಂದ. ಹಾಲಪ್ಪನಿಗೆ ಎಪ್ಪತ್ತು ಮೀರಿದೆ, ಆದರೆ ಅವನು ಸೂಜಿ ಚುಚ್ಚಿದರೆ ಇರುವೆ ಕಚ್ಚಿದಷ್ಟೂ ನೋವಾಗುವುದಿಲ್ಲ. ನನ್ನ ಎರಡು ತೋಳನ್ನೂ ಹಲಗೆಗೆ ಕಟ್ಟಿ, "ಅಲ್ಲಾಡಿಸಬೇಡಿ. ಬೈಯೋದಾದ್ರೆ ಬಾಯಲ್ಲಿ ಬೈಯಿರಿ, ಕೈಯಲ್ಲಿ ಬೈಬೇಡಿ," ಎಂದ. ಕೈ ಆಡಿಸದೆ ಬೈಯುವುದು ಎಂದರೆ ಒನಕೆಯಿಲ್ಲದೆ ಕುಟ್ಟಿದ ಹಾಗೆ. ಅದನ್ನೂ ಕಲಿತೆ.

ನನ್ನ ರಕ್ತ ಕಣ್ಣೆದುರಿಗೇ ಹೋಗುತ್ತಿರುವುದನ್ನು ನೋಡಿ ಹೆದರಿಕೆಯಾಯಿತು. "ಅಲ್ಲಪ್ಪ, ಆ ಮಣಿಗಳು ಏನು ಹಿಡಿದಿಟ್ಕೋತವೆ?" ಎಂದು ಕೇಳಿದೆ. "ರಕ್ತದಲ್ಲಿ ಬಿಳಿ ಕಣ ಅಂತ ಇರ್ತವೆ, ಕಾವಲುಗಾರರು," ಎಂದ ಹಾಲಪ್ಪ. "ಕಳ್ಳ ಬಂದಾಗ ಎದ್ದು ಹೊಡೀಬೇಕು, ಕಳ್ಳ ಹೋದ ಮೇಲೆ ಮಲಗಬೇಕು. ನಿಮ್ಮೋರು ಕಳ್ಳ ಇಲ್ದಿದ್ರೂ ಎದ್ದು ದೊಣ್ಣೆ ಬೀಸ್ತಾ ನಿಮ್ಮ ಕರುಳಿನ ಗೋಡೇನೇ ಒಡೀತಿದಾರೆ. ಹಂಗೆ ಕೆರಳಿರೋರು ಈ ಮಣಿ ಕಂಡ್ರೆ ಹೋಗಿ ಅಂಟ್ಕೋತಾರೆ. ತಣ್ಣಗಿರೋರು ಪಕ್ಕಕ್ಕೆ ಸರಿದು ವಾಪಸು ಹೋಗ್ತಾರೆ. ಒಳಗೆ ಹೊಸಬರು ಬರ್ತಾರೆ, ಅವರು ಇನ್ನೂ ಜಗಳ ಕಲಿತಿರಲ್ಲ. ಅಷ್ಟರಲ್ಲಿ ಗೋಡೆ ಮಾಯುತ್ತೆ." ಓಬಳಮ್ಮ ಚಕ್ರ ತಿರುಗಿಸುತ್ತಲೇ, "ಇವಳ ಮೈಯಲ್ಲಿ ಕೆರಳದೇ ಇರೋದು ಒಂದಾದ್ರೂ ಇದ್ರೆ ತಾನೇ ವಾಪಸು ಹೋಗೋಕೆ?" ಎಂದಳು. ನನಗೆ ಬಂದ ಕೋಪಕ್ಕೆ ಚಕ್ರ ಇನ್ನೆರಡು ಸುತ್ತು ಜೋರಾಗಿ ತಿರುಗಿತು.

ನಾಲ್ಕನೆಯ ವಾರದ ಹೊತ್ತಿಗೆ ಹನ್ನೆರಡು ಸಲದ ಓಟ ಐದಕ್ಕೆ ಇಳಿಯಿತು. ಐದನೆಯ ವಾರಕ್ಕೆ ರಕ್ತ ನಿಂತಿತು. ಇಡೀ ಒಂದು ಮಧ್ಯಾಹ್ನ ಗಿರಣಿಯಲ್ಲಿ ಕೂತಿದ್ದೆ, ಒಮ್ಮೆಯೂ ಏಳಲಿಲ್ಲ. ಎದ್ದು ಹೋಗಬೇಕಾಗಿಲ್ಲ ಎನ್ನುವುದು ಎಂಥ ಸುಖ ಎಂದು ನಿಮಗೆ ಗೊತ್ತಿದ್ದರೆ ಗೊತ್ತು, ಇಲ್ಲದಿದ್ದರೆ ಹೇಳಿ ಪ್ರಯೋಜನವಿಲ್ಲ.

ತೊಂದರೆ ಶುರುವಾದದ್ದು ಆರನೆಯ ವಾರ, ಅದೂ ನನ್ನ ಮೂಗಿನಿಂದ. ಸೋಸುವುದು ಅರ್ಧ ಆಗಿತ್ತು. ಮೂಗಿನ ತುದಿಯಲ್ಲಿ ತುರಿಕೆ ಎದ್ದಿತು. ಎರಡು ಕೈಯೂ ಕಟ್ಟಿವೆ. ಹಾಲಪ್ಪ ನೀರು ಕುಡಿಯಲು ಆಚೆ ಹೋಗಿದ್ದಾನೆ. ತುಟಿ ಮೇಲೆತ್ತಿ ಊದಿದೆ, ಮುಖ ಸೊಟ್ಟ ಮಾಡಿದೆ, ಕಣ್ಣಲ್ಲಿ ನೀರು ಬಂತು. ಓಬಳಮ್ಮ ನೋಡಿದಳು. ಒಂದು ಕೈ ಚಕ್ರದಲ್ಲೇ ಇಟ್ಟು, ಇನ್ನೊಂದು ಕೈಯಿಂದ ಸೆರಗಿನ ತುದಿ ಹಿಡಿದು, ನನ್ನ ಮೂಗನ್ನು ಮಗುವಿನ ಮೂಗು ಒರೆಸುವ ಹಾಗೆ ಗಟ್ಟಿಯಾಗಿ ಒರೆಸಿದಳು. ಆ ಸುಖಕ್ಕೆ ನನ್ನ ಬಾಯಿಂದ ತಾನಾಗಿ, "ಅಬ್ಬಾ ಅಕ್ಕಾ," ಎಂದು ಬಂದುಬಿಟ್ಟಿತು.

ಚಕ್ರ ನಿಂತಿತು.

ಓಬಳಮ್ಮ ಎಳೆದಳು. ಬರಲಿಲ್ಲ. ನಳಿಕೆಯಲ್ಲಿ ನನ್ನ ರಕ್ತ ನಿಂತ ನೀರಿನಂತೆ ನಿಂತಿತು. ಹಾಲಪ್ಪ ಓಡಿ ಬಂದ. "ಏನು ಮಾಡಿದ್ರಿ? ನಕ್ಕಿರಾ? ನಗೋದಾದ್ರೆ ಆಚೆ ಹೋಗಿ ನಗಬಾರದಾ? ರಕ್ತ ಹೆಪ್ಪುಗಟ್ಟಿದರೆ ಕಂಬ ಹೋಯ್ತು, ಒಂದು ಚೊಂಬು ರಕ್ತಾನೂ ಹೋಯ್ತು. ಬೈಯಿರವ್ವ, ಯಾರಾದ್ರೂ ಬೈಯಿರಿ." ಗಾಬರಿಯಲ್ಲಿ ನನಗೆ ಒಂದು ಬೈಗುಳವೂ ಹೊಳೆಯಲಿಲ್ಲ. ನನಗೆ! ಓಬಳಮ್ಮನೇ ಕಣ್ಣು ಮುಚ್ಚಿ ಯೋಚಿಸಿ, "ನಿನ್ನ ಖಾರದಲ್ಲಿ ಇಟ್ಟಿಗೆ ಪುಡಿ ಇರುತ್ತೆ ಅಂತ ಮೇಲ್ಪೇಟೆಯೋರು ಅಂತಾರೆ. ನಾನೂ ಹೌದು ಅಂದೆ," ಎಂದಳು. ಇಟ್ಟಿಗೆ ಪುಡಿ! ಬುಡಸಮೇತ ತೊಟ್ಟು ಬಿಡಿಸಿ, ಬಿಸಿಲಿಗೆ ಹಾಕಿ, ಬಟ್ಟೆಯಲ್ಲಿ ಒರೆಸಿ ಬೀಸುವ ನನಗೆ! ನಾನು ಬಾಯಿ ತೆಗೆದದ್ದಷ್ಟೇ ನೆನಪು, ಚಕ್ರ ಹೊರಟಿತು.

ಆಮೇಲಿನ ಮೂರು ವಾರ ನಾವು ಪಟ್ಟ ಪಾಡು ದೇವರಿಗೇ ಗೊತ್ತು. ಸೋಮವಾರ ಕೂತು ಮರುದಿನದ ಬೈಗುಳ ಹೊಂದಿಸಿಕೊಳ್ಳುತ್ತಿದ್ದೆ. ಅವಳೂ ಹಾಗೇ ಮಾಡುತ್ತಿದ್ದಳು, ಗೋಡೆಯಾಚೆ ಸಂಡಿಗೆ ಒತ್ತುತ್ತ ಗೊಣಗುವುದು ಕೇಳುತ್ತಿತ್ತು. ಆದರೆ ಚಕ್ರಕ್ಕೆ ಸುಳ್ಳು ಬೈಗುಳ ಹಿಡಿಸುವುದಿಲ್ಲ. ಮನೆಯಲ್ಲಿ ಹೊಸೆದು ತಂದ ಮಾತಿಗೆ ಅರ್ಧ ಸುತ್ತು ತಿರುಗಿ ನಿಲ್ಲುತ್ತಿತ್ತು. ನಿಜವಾಗಿ ಚುಚ್ಚಿದರೆ ಮಾತ್ರ ಓಡುತ್ತಿತ್ತು. ನಿಜವಾಗಿ ಚುಚ್ಚುವುದಕ್ಕೆ ನಮ್ಮ ಹತ್ತಿರ ಉಳಿದಿದ್ದಾದರೂ ಏನು? ಅವಳ ಗಂಡ ನನ್ನ ತಾಯಿಯ ತಿಥಿಗೆ ಬರದಿದ್ದದ್ದು, ನಾನು ಅವಳ ಸೊಸೆಯ ಮುಂದೆ ಅವಳ ಸಾರಿನ ಬಗ್ಗೆ ಅಂದದ್ದು, ಎಲ್ಲ ತೆಗೆದು ಸುರಿದೆವು. ಒಂಬತ್ತನೆಯ ವಾರದ ಕೊನೆಗೆ ಜೋಳಿಗೆ ಬರಿದಾಗಿತ್ತು. ಅಂದು ಸೂಜಿ ತೆಗೆಯುವಾಗ ಓಬಳಮ್ಮ ಹಾಲಪ್ಪನನ್ನು ಕೇಳಿದಳು, "ಹತ್ತು ಮುಗಿದ ಮೇಲೆ ಇವಳಿಗೆ ಇದು ಮತ್ತೆ ಬರಲ್ಲ ತಾನೆ?"

"ಹಂಗೆ ಹೇಳೋಕಾಗಲ್ಲವ್ವ. ಕೆಲವರಿಗೆ ಬರಲ್ಲ. ಕೆಲವರಿಗೆ ಎರಡು ವರ್ಷಕ್ಕೋ ಐದು ವರ್ಷಕ್ಕೋ ಮತ್ತೆ ಕೆರಳುತ್ತೆ. ಆವಾಗ ಮತ್ತೆ ಸೋಸೋದು."

"ಹತ್ತನೇ ವಾರ ಕೊನೇಲಿ ಮಜ್ಜಿಗೆ ಕುಡಿಸ್ತೀಯಲ್ಲ, ಕುಡಿದ ಮೇಲೆ ಆ ಮುನಿಸು ಮತ್ತೆ ಕೆಲಸಕ್ಕೆ ಬರುತ್ತಾ?"

"ಇಲ್ಲ. ಒಂದೇ ಚೊಂಬಲ್ಲಿ ಇಬ್ಬರೂ ಕುಡಿದರೆ ಅಲ್ಲಿಗೆ ತೀರಿತು. ಅದೇ ಮುನಿಸು ಮತ್ತೆ ಹತ್ತಲ್ಲ, ನೀರು ಹಾಕಿ ಅರಳಿಸಿದ ಸುಣ್ಣದ ಹಂಗೆ." ಓಬಳಮ್ಮ ಹೂಂ ಎಂದು ಚಪ್ಪಲಿ ಮೆಟ್ಟಿ ಹೋದಳು. ನಾನು ಅದಕ್ಕೆ ಅಷ್ಟು ಗಮನ ಕೊಡಲಿಲ್ಲ. ನನಗೆ ಮುಂದಿನ ಮಂಗಳವಾರದ ಚಿಂತೆ. ಡಾಕ್ಟರಮ್ಮ ಹತ್ತು ಎಂದರೆ ಹತ್ತು, ಒಂಬತ್ತಕ್ಕೆ ನಿಂತರೆ ಮಾಡಿದ್ದೆಲ್ಲ ಹಾಳು ಎಂದಿದ್ದಳು.

ಹತ್ತನೆಯ ಮಂಗಳವಾರ ಕಾಲು ಗಂಟೆ ಹೇಗೋ ತಿರುಗಿತು. ನಾನು ಅವಳ ಹಪ್ಪಳ ತೊಗಲಿನ ಹಾಗಿದೆ ಎಂದೆ, ಅವಳು ನನ್ನ ಗಂಟಲು ಒಡೆದ ಡೋಲು ಎಂದಳು. ಇಬ್ಬರಿಗೂ ಒಳಗೊಳಗೇ ನಗು. ಇಪ್ಪತ್ತು ನಿಮಿಷಕ್ಕೆ ಚಕ್ರ ನರಳತೊಡಗಿತು, ಇಪ್ಪತ್ತೈದಕ್ಕೆ ನಿಂತಿತು. ಹಾಲಪ್ಪ ಗಡಿಯಾರ ನೋಡಿದ, ನಳಿಕೆ ಮುಟ್ಟಿ ನೋಡಿದ, ಅವನ ಮುಖ ಕಪ್ಪಿಟ್ಟಿತು. "ಐದು ನಿಮಿಷ. ಅದಕ್ಕಿಂತ ಹೆಚ್ಚು ನಿಲ್ಲಿಸೋ ಹಾಗಿಲ್ಲ," ಎಂದ. ನಾನು ಕಟ್ಟಿದ ಕೈಗಳ ನಡುವೆ ಮಲಗಿ ಚಾವಣಿ ನೋಡುತ್ತಿದ್ದೆ. ಕರುಳು ಕತ್ತರಿಸುವ ಮಾತು ನೆನಪಾಯಿತು. "ಬಿಡು, ನಿಂಗೂ ಎಷ್ಟು ಅಂತ ಕಷ್ಟ ಕೊಡಲಿ," ಎಂದೆ. ಅದು ಇನ್ನೂ ತಪ್ಪಾಯಿತು, ಚಕ್ರ ಹಿಂದಕ್ಕೆ ಒಂದು ಬೆರಳು ಸರಿಯಿತು.

ಓಬಳಮ್ಮ ಹಿಡಿ ಬಿಡಲಿಲ್ಲ. ಗೋಡೆಯ ಕಡೆ ನೋಡುತ್ತ, ಸಂತೆಯ ಸುದ್ದಿ ಹೇಳುವ ದನಿಯಲ್ಲಿ ಶುರುಮಾಡಿದಳು. "ಆ ವರ್ಷ ಮೂರು ದಿನ ಮೋಡ ಕವಿದಿತ್ತು, ನೆನಪಿದೆಯಾ? ಸಂಡಿಗೆ ಸರಿಯಾಗಿ ಒಣಗಲಿಲ್ಲ. ಮದುವೆ ಹತ್ರ ಬಂತು ಅಂತ ಹಂಗೇ ಡಬ್ಬಿಗೆ ತುಂಬಿದೆ. ಬೂಷ್ಟು ಹಿಡೀತು, ನಾಲ್ಕಕ್ಕೆ ನಾಲ್ಕೂ ಡಬ್ಬಿ."

"ಏನು ಹೇಳ್ತಿದೀಯ?" ಎಂದೆ.

"ಗಂಡ ಸತ್ತು ಒಂದು ವರ್ಷ ಆಗಿತ್ತು. ಓಬಳಮ್ಮನ ಕೈ ಕೆಟ್ಟಿತು ಅಂತ ಸುದ್ದಿ ಎದ್ರೆ ಮತ್ತೆ ಯಾರು ಕೇಳ್ತಿದ್ರು ನನ್ನ ಸಂಡಿಗೆ? ಅದಕ್ಕೆ ಬೂಷ್ಟಿನ ಮೇಲೆ ಖಾರದ ಪುಡಿ ಉದುರಿಸಿದೆ. ನಿನ್ನ ಗಿರಣೀದೇ. ಹಿಂದಿನ ದಿನ ನೀನೇ ನಂಗೆ ಬೀಸಿ ಕೊಟ್ಟಿದ್ದು. ಬೀಸಿದ ಕೂಲೀನೂ ಬೇಡ ಅಕ್ಕ ಅಂದಿದ್ದೆ ನೀನು."

ನಾನು ಕೇಳಿದೆ. ನಿಧಾನವಾಗಿ ಕೇಳಿಸಿತು ಅನ್ನಬೇಕು. ಹಲಗೆ ಹೊಡೆದ ಕಿಟಕಿ. ಸಂದಿಗೆ ತುರುಕಿದ ಗೋಣಿ. ಹನ್ನೊಂದು ಬೇಸಿಗೆ ಆ ಒಲೆಯಂಥ ಕೋಣೆಯಲ್ಲಿ, ಇನ್ನೊಬ್ಬಳ ಅನ್ನ ಕೆಡಿಸಿದೆ ಎಂಬ ಪಾಪ ಹೊತ್ತು, ಕಣ್ಣು ಮೂಗು ಸುರಿಸುತ್ತ ಬೀಸಿದ್ದು. ಹಾಲಪ್ಪ ನನ್ನ ಭುಜ ಹಿಡಿದುಕೊಂಡ, ಇಲ್ಲದಿದ್ದರೆ ಸೂಜಿ ಹಲಗೆ ಎಲ್ಲ ಕಿತ್ತುಕೊಂಡು ಎದ್ದಿರುತ್ತಿದ್ದೆ. ನಾನು ಏನು ಬೈದೆ ಎಂದು ಇಲ್ಲಿ ಬರೆಯುವುದಿಲ್ಲ, ಮಕ್ಕಳೂ ಓದುತ್ತಾರೆ. ಕೆರೆಯಲ್ಲಿ ಬಟ್ಟೆ ಒಗೆಯುತ್ತಿದ್ದವರು ಒಗೆಯುವುದು ನಿಲ್ಲಿಸಿ ಕೇಳಿದರಂತೆ. ಚಕ್ರ ಬೀಸುಗಲ್ಲಿನ ಹಾಗೆ ಗುಡುಗುತ್ತ ತಿರುಗಿತು. ಓಬಳಮ್ಮನ ಕೈ ಅದರ ಜೊತೆ ಓಡುತ್ತಿತ್ತು, ಅವಳ ಹಣೆಯಿಂದ ಬೆವರೋ ಕಣ್ಣೀರೋ ಗಲ್ಲದವರೆಗೆ ಇಳಿಯುತ್ತಿತ್ತು. ಮೂವತ್ತೈದು ನಿಮಿಷ ನಾನು ಬಾಯಿ ಮುಚ್ಚಲಿಲ್ಲ. ಕೊನೆಯ ಹನಿ ರಕ್ತ ನನ್ನ ತೋಳಿಗೆ ಸೇರಿತು.

ಹಾಲಪ್ಪ ಕಟ್ಟು ಬಿಚ್ಚಿ, ಹತ್ತಿ ಒತ್ತಿ, "ಮುಗೀತು ದ್ಯಾಮಕ್ಕ. ಹತ್ತೂ ಮುಗೀತು," ಎಂದ. ಅವನು ಮಜ್ಜಿಗೆಯ ಚೊಂಬು ತರಲು ಒಳಗೆ ಹೋದ. ನಾನು ಎದ್ದು ಕೂತೆ. ಗಂಟಲು ಬಿದ್ದಿತ್ತು, ಮೈ ಹಗುರಾಗಿತ್ತು. ಕೋಪ ಇತ್ತು, ಇಲ್ಲವೆಂದರೆ ಸುಳ್ಳು. ಆದರೆ ಯಾರೂ ಕೇಳದೆ, ಹನ್ನೊಂದು ವರ್ಷ ಮುಚ್ಚಿಟ್ಟುಕೊಂಡ ಮಾನವನ್ನು ಅವಳು ಹಾಲಪ್ಪನ ಎದುರಿಗೆ ಬಿಚ್ಚಿ ಇಟ್ಟದ್ದು ಯಾತಕ್ಕೆ ಎಂದು ತಿಳಿಯದಷ್ಟು ದಡ್ಡಿ ನಾನಲ್ಲ. ಕೋಪ ಒಂದು ಕಡೆ, ಅದು ಒಂದು ಕಡೆ, ಎರಡೂ ಒಂದೇ ಎದೆಯಲ್ಲಿ ಕೂತಿದ್ದವು. ಇರಲಿ, ಇವತ್ತು ಕುಡಿದು ತೀರಿಸಿಬಿಡೋಣ ಎಂದುಕೊಂಡೆ.

ಹಾಲಪ್ಪ ಚೊಂಬು ತಂದು ಅವಳ ಮುಂದೆ ಹಿಡಿದ. ಕೊತ್ತಂಬರಿ ಸೊಪ್ಪು ತೇಲುತ್ತಿತ್ತು. ಓಬಳಮ್ಮ ಚೊಂಬು ನೋಡಿದಳು, ನನ್ನ ಹೊಟ್ಟೆಯ ಕಡೆ ನೋಡಿದಳು. "ನಂಗೆ ಬೇಡ," ಎಂದಳು.

"ಒಂದು ಗುಟುಕು ಕುಡೀರವ್ವ, ಸಂಪ್ರದಾಯ," ಎಂದ ಹಾಲಪ್ಪ.

"ಬೇಡ ಅಂದ್ನಲ್ಲ. ಇಂಥೋಳ ಎಂಜಲು ಯಾರು ಕುಡೀತಾರೆ?" ಎಂದು ಸೆರಗು ಸೊಂಟಕ್ಕೆ ಸಿಕ್ಕಿಸಿ ಹೊರಟಳು. ಹೇಳಬೇಕಾದದ್ದನ್ನೆಲ್ಲ ಹೇಳಿ ಮುಗಿಸಿದವಳ ಹಾಗೆ ಹೊಸಿಲು ದಾಟಿದಳು. ನಾನು ಗೋಡೆ ಹಿಡಿದುಕೊಂಡು ಬಾಗಿಲವರೆಗೆ ಹೋದೆ. "ಅಕ್ಕಾ," ಎಂದು ಕರೆದೆ. ಏರಿಯ ಮೇಲೆ ಅವಳ ಕಾಲು ತಡೆಯಿತು. ತಿರುಗಲಿಲ್ಲ. ಬೆನ್ನು ಮಾತ್ರ ನನ್ನ ಕಡೆಗಿತ್ತು, ತಪ್ಪು ಹೇಳಿದ ಮಗು ತಾನೇ ತಿದ್ದಿ ಹೇಳಲಿ ಎಂದು ಕಾಯುತ್ತಿರುವ ಅಮ್ಮನ ಬೆನ್ನಿನ ಹಾಗೆ. ಎರಡು ವರ್ಷಕ್ಕೋ ಐದು ವರ್ಷಕ್ಕೋ ಮತ್ತೆ ಕೆರಳಬಹುದು, ಮಜ್ಜಿಗೆ ಕುಡಿದರೆ ಮುನಿಸು ತೀರಿತು ಎಂದು ಹಾಲಪ್ಪ ಹೇಳಿದ್ದು ಆಗ ನನ್ನ ತಲೆಗೆ ಇಳಿಯಿತು.

"ಹೋಗೇ ಓಬಳಿ," ಎಂದು ಉಳಿದಷ್ಟು ಗಂಟಲಿನಲ್ಲಿ ಕೂಗಿದೆ. "ನನ್ನ ಮನೆ ಮೆಟ್ಟಿಲು ಹತ್ತಿದ್ರೆ ಕಾಲು ಮುರೀತೀನಿ. ಸಾಯೋತನಕ ನಿನ್ನ ಮುಖ ನೋಡಲ್ಲ."

ಅವಳ ಭುಜ ಸಡಿಲವಾಯಿತು. ಕೈ ಬೀಸಿಕೊಂಡು, ಒಳ್ಳೆಯ ಊಟ ಮಾಡಿ ಎದ್ದವರು ನಡೆಯುವ ಹಾಗೆ ನಿಧಾನವಾಗಿ ನಡೆದಳು. ನಾನು ಬಾಗಿಲಲ್ಲೇ ನಿಂತು ಕಣ್ಣಿಗೆ ಕಾಣುವಷ್ಟು ದೂರ ಬೈಯುತ್ತಲೇ ಇದ್ದೆ. ಏರಿಯ ಕೊನೆಯಲ್ಲಿ ಅವಳು ಎಡಕ್ಕೆ ಇಳಿದು ಮರೆಯಾದಳು. ಆಮೇಲೆ ಅವಳು ನನ್ನ ಮನೆ ಕಡೆ ಬರಲಿಲ್ಲ.